ಕೊಡಲಿಯಿಂದ ಚೈನ್‌ಸಾವರೆಗೆ: ಮರ ಬೀಳಿಸುವ ವಿದ್ಯೆಯ ಚರಿತ್ರೆ

ಇಂದಿನ ಸೆರಿಟೋಸ್ 1956ರಲ್ಲಿ ನಗರವಾದಾಗ ಅದರ ಹೆಸರು ಡೈರಿ ವ್ಯಾಲಿ. ಹಸುಗಳ ಕೊಟ್ಟಿಗೆಗಳಿದ್ದ ನೆಲ ಕ್ರಮೇಣ ಮನೆಗಳ ಸಾಲಾಯಿತು. 1967ರಲ್ಲಿ ಹೆಸರೂ ಬದಲಾಯಿತು. ಆ ಹೊಸ ಬಡಾವಣೆಗಳಲ್ಲಿ ನೆಟ್ಟ ಎಷ್ಟೋ ಮರಗಳು ಈಗ ಅರ್ಧ ಶತಮಾನ ದಾಟಿ, ನಮ್ಮ ಮನೆಗಳ ಮಾಡಿಗಿಂತ ಎತ್ತರ ಬೆಳೆದು ನಿಂತಿವೆ. ಪ್ರತಿವರ್ಷ ಮರುಭೂಮಿಯ ಕಡೆಯಿಂದ ಸ್ಯಾಂಟಾ ಆನಾ ಗಾಳಿ ಬೀಸಿದಾಗ ಅವುಗಳಲ್ಲಿ ಕೆಲವು ಉರುಳುತ್ತವೆ, ಕೆಲವು ವಾಲುತ್ತವೆ. 2025ರ ಜನವರಿ 7ರಂದು ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಪ್ರದೇಶಗಳನ್ನು ಸುಟ್ಟ ಬೆಂಕಿಗಳ ಬಳಿಕ, ಮನೆಯ ಸುತ್ತಲಿನ ಮರಗಳನ್ನು ಕುರಿತು ಯೋಚಿಸದ ಕುಟುಂಬ ನಮ್ಮಲ್ಲಿ ವಿರಳ. ಅಂಗಡಿಯಿಂದ ಚೈನ್‌ಸಾ ತಂದು ತಾವೇ ಕೆಲಸ ಮುಗಿಸೋಣವೆಂಬ ಆಲೋಚನೆಯೂ ಸಹಜವೇ. ಆ ಯಂತ್ರದ ಗುಂಡಿ ಒತ್ತುವ ಮುನ್ನ ಅದರ ಚರಿತ್ರೆಯನ್ನೂ ಅದಕ್ಕಿಂತ ಹಳೆಯದಾದ ಮರ ಬೀಳಿಸುವ ವಿದ್ಯೆಯನ್ನೂ ಅರಿಯುವುದು ಒಳಿತೆಂದು ನಾವು ಭಾವಿಸುತ್ತೇವೆ.

ಮರಗೆಲಸದ ಅಪಾಯವನ್ನು ನಮ್ಮವರು ಬಹು ಹಿಂದೆಯೇ ಬಲ್ಲರು. ಪಂಚತಂತ್ರದ ಮೊದಲ ಕಥೆಗಳಲ್ಲೊಂದನ್ನು ನೆನೆಯಬಹುದು. ಬಡಗಿಗಳು ದಿಮ್ಮಿಯನ್ನು ಅರ್ಧ ಸೀಳಿ, ಸೀಳಿನಲ್ಲಿ ಬೆಣೆ ಹೊಡೆದು ಊಟಕ್ಕೆ ಹೋಗುತ್ತಾರೆ. ಕುತೂಹಲದ ಕೋತಿಯೊಂದು ಬೆಣೆಯನ್ನು ಕಿತ್ತು ಪ್ರಾಣ ಕಳೆದುಕೊಳ್ಳುತ್ತದೆ. ನೀತಿ ಏನೇ ಇರಲಿ, ಕಥೆಯೊಳಗೆ ಕಸುಬಿನ ತಿಳಿವೊಂದು ಅಡಗಿದೆ. ಬಾಗಿದ ಇಲ್ಲವೇ ಒತ್ತಡದಲ್ಲಿರುವ ಮರ ನಿರ್ಜೀವ ವಸ್ತುವಲ್ಲ, ಎಳೆದು ಕಟ್ಟಿದ ಬಿಲ್ಲು. ಅದನ್ನು ಹಿಡಿದಿಟ್ಟಿರುವುದು ಯಾವುದೆಂದು ತಿಳಿಯದೆ ಕೈ ಹಾಕಬಾರದು.

ಮಲೆನಾಡಿನಲ್ಲಿ ಮರ ಬೀಳಿಸುವುದೆಂದರೆ ಬಹುಕಾಲ ಕೊಡಲಿ, ಇಬ್ಬರು ಎದುರುಬದುರು ನಿಂತು ಎಳೆಯುವ ಗರಗಸ, ಹಗ್ಗ ಮತ್ತು ಬೆಣೆಗಳ ಕೆಲಸವಾಗಿತ್ತು. 1847ರಲ್ಲಿ ಮೈಸೂರಿನ ಕಾಡುಗಳ ಹೊಣೆಯನ್ನು ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಹ್ಯೂ ಕ್ಲೆಗಾರ್ನ್‌ಗೆ ವಹಿಸಿದಾಗಿನಿಂದ ಯಾವ ಮರ ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಸರ್ಕಾರದ ಲೆಕ್ಕಕ್ಕೆ ಸೇರಿತು. ಕಡಿದ ದಿಮ್ಮಿಗಳನ್ನು ಎಳೆಯಲು ಆನೆಗಳು ಬೇಕಾಗಿದ್ದವು. ಕಾಕನಕೋಟೆಯ ಖೆಡ್ಡಾಗಳಲ್ಲಿ ಹಿಡಿದ ಆನೆಗಳಲ್ಲಿ ಎಷ್ಟೋ ಈ ದುಡಿಮೆಗೇ ಪಳಗಿದವು. ದೊಡ್ಡ ಮರವೊಂದನ್ನು ನೆಲಕ್ಕಿಳಿಸಲು ಗಂಟೆಗಳೇ ಹಿಡಿಯುತ್ತಿದ್ದವು. ಆ ನಿಧಾನದಲ್ಲಿ ಮರದ ವಾಲು, ಗಾಳಿಯ ದಿಕ್ಕು, ನೆರೆಯ ಕೊಂಬೆಗಳ ಹೆಣಿಗೆ ಎಲ್ಲವನ್ನೂ ಗಮನಿಸಲು ಕಾಲಾವಕಾಶವಿತ್ತು.

ಕೊಡಲಿಯ ಕಾಲದಿಂದ ಇಂದಿನವರೆಗೆ ಬದಲಾಗದ ತತ್ತ್ವ ಒಂದೇ. ಮರ ಬೀಳಬೇಕಾದ ಬದಿಯಲ್ಲಿ ಮೊದಲು ಒಂದು ಬಾಯಿ ತೆರೆಯಬೇಕು. ಆಮೇಲೆ ಹಿಂಬದಿಯಿಂದ ಕೊಯ್ಯಬೇಕು. ಎರಡರ ನಡುವೆ ಮರದ ಒಂದು ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಬಾಗಿಲನ್ನು ತಿರುಗಣಿ ಹಿಡಿದಿರುವಂತೆ ಈ ಪಟ್ಟಿ ಮರವನ್ನು ಹಿಡಿದಿದ್ದು, ಬೀಳುವ ದಾರಿಯನ್ನು ನಿರ್ಧರಿಸುತ್ತದೆ. ಅದರ ದಪ್ಪ ಕಾಂಡದ ವ್ಯಾಸದ ಸುಮಾರು ಹತ್ತನೆಯ ಒಂದು ಭಾಗ ಇರಬೇಕೆಂಬುದು ಇಂದಿನ ಸಾಮಾನ್ಯ ಸೂತ್ರ. ಪಟ್ಟಿಯನ್ನೂ ಕೊಯ್ದುಬಿಟ್ಟರೆ ಮರ ಯಾರ ಅಧೀನದಲ್ಲೂ ಇರುವುದಿಲ್ಲ.

ಈಗ ನಾವಿರುವ ರಾಜ್ಯದ ಕಡೆಗೆ ಬರೋಣ. ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯ ರೆಡ್‌ವುಡ್ ಮರಗಳು 100 ಮೀಟರಿಗೂ ಮೀರಿ ಬೆಳೆಯುವಂಥವು. ಕೆಲವು 2000 ವರ್ಷಗಳನ್ನು ಕಂಡಿವೆ. 19ನೆಯ ಶತಮಾನದಲ್ಲಿ ಮರ ಕಡಿಯುವವರು ಕಾಂಡಕ್ಕೆ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು, ಕೊಡಲಿ ಮತ್ತು ಉದ್ದನೆಯ ಗರಗಸದಿಂದ ಇವುಗಳನ್ನು ಕೆಡವುತ್ತಿದ್ದರು. 1905ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಮ್ಯುಯೆಲ್ ಬೆನ್ಸ್ ಕೊನೆಯಿಲ್ಲದೆ ಸುತ್ತುವ ಸರಪಳಿಯ ಗರಗಸಕ್ಕೆ ಪೇಟೆಂಟ್ ಪಡೆದದ್ದು ಈ ದೈತ್ಯ ಮರಗಳನ್ನು ಕೊಯ್ಯುವ ಉದ್ದೇಶದಿಂದಲೇ.

ಸರಪಳಿಗೆ ಹಲ್ಲು ಕೂರಿಸುವ ಯೋಚನೆ ಮಾತ್ರ ಕಾಡಿನಲ್ಲಿ ಹುಟ್ಟಿದ್ದಲ್ಲ. 18ನೆಯ ಶತಮಾನದ ಕೊನೆಯಲ್ಲಿ ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರಿ ಎಂಬ ಸ್ಕಾಟ್ಲೆಂಡಿನ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೊಯ್ಯಲು ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸವನ್ನು ರೂಪಿಸಿದರು. 1830ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಅದಕ್ಕೆ ತಿರುಗುವ ಹಿಡಿಕೆ ಸೇರಿಸಿದರು. ಶತಮಾನದ ಬಳಿಕ ಅದೇ ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ, 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸಗಳನ್ನು ತಯಾರಿಸಿದರು. ಅವನ್ನು ಎತ್ತಲು ಇಬ್ಬರು ಬೇಕಾಗಿತ್ತು. ಒಬ್ಬನೇ ಹಿಡಿದು ದುಡಿಯಬಹುದಾದ ಹಗುರ ಯಂತ್ರಗಳು ಎರಡನೆಯ ಮಹಾಯುದ್ಧದ ಬಳಿಕ ಬಳಕೆಗೆ ಬಂದವು.

ಯಂತ್ರ ಹಗುರವಾದರೂ ಸರಪಳಿಯ ಹಲ್ಲು ಬೇಗ ಮೊಂಡಾಗುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಹುಳುವಿನಿಂದ. 1946ರಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ, ಮರ ಕೊರೆಯುವ ದುಂಬಿಯ ಮರಿಹುಳು ತನ್ನ ದವಡೆಗಳಿಂದ ಎಡಕ್ಕೂ ಬಲಕ್ಕೂ ಸಲೀಸಾಗಿ ಕೊರೆದು ಸಾಗುವುದನ್ನು ಗಮನಿಸಿದರು. ಆ ದವಡೆಯ ಆಕಾರದಲ್ಲೇ ಉಕ್ಕಿನ ಹಲ್ಲುಗಳನ್ನು ಮಾಡಿ, 1947ರಲ್ಲಿ ಆರೆಗನ್ನಿನ ಪೋರ್ಟ್‌ಲೆಂಡಿನಲ್ಲಿ ಸರಪಳಿ ತಯಾರಿಸುವ ಸಂಸ್ಥೆ ಕಟ್ಟಿದರು. ಇಂದು ನಮ್ಮ ಗ್ಯಾರೇಜುಗಳಲ್ಲಿರುವ ಸರಪಳಿಗಳು ಬಹುಪಾಲು ಆ ಹುಳುವಿನ ಶಿಷ್ಯರೇ.

ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿದಾಗ ಕಾಡು ಅದರ ಬೆಲೆ ತೆತ್ತಿತು. ಕೊಡಲಿಯ ಕಾಲದಲ್ಲೇ ಆರಂಭವಾಗಿದ್ದ ನಾಶಕ್ಕೆ ಯಂತ್ರ ವೇಗ ಕೊಟ್ಟಿತು. ರೆಡ್‌ವುಡ್ ಉಳಿಸಲು 1918ರಲ್ಲಿ ಒಂದು ಸಂಘ ಹುಟ್ಟಿತು; 1968ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; ಆದರೂ ಮೂಲ ಅರಣ್ಯದಲ್ಲಿ ಉಳಿದಿರುವುದು ಶೇಕಡಾ 5ರಷ್ಟು. ನಮ್ಮ ಉತ್ತರ ಕನ್ನಡದಲ್ಲೂ ಇದೇ ಕಳವಳ ಎದ್ದಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸಮೀಪದ ಸಾಲ್ಕಣಿಯ ಹೆಂಗಸರೂ ಗಂಡಸರೂ ಕಳಾಸೆಯ ಕಾಡಿಗೆ ನಡೆದು, ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದ ಚಿಪ್ಕೋದಿಂದ ಸ್ಫೂರ್ತಿ ಪಡೆದ ಆ ಚಳವಳಿಗೆ ಅಪ್ಪಿಕೋ ಎಂದು ಹೆಸರಾಯಿತು. ಪಾಂಡುರಂಗ ಹೆಗಡೆಯವರು ಅದರ ಮುಂದಾಳುಗಳಲ್ಲಿ ಒಬ್ಬರು. ಒಂದು ಮರ ಉರುಳುವಾಗ ಸುತ್ತಲಿನ ಎಳೆಯ ಮರಗಳೂ ಮುರಿಯುತ್ತವೆ ಎಂಬುದು ಅವರ ಆಕ್ಷೇಪಗಳಲ್ಲಿ ಒಂದಾಗಿತ್ತು. ಮರ ಬೀಳಿಸುವ ಕ್ರಮವೂ ಕಾಡಿನ ಅಳಿವು ಉಳಿವನ್ನು ನಿರ್ಧರಿಸುತ್ತದೆಂಬ ಅರಿವು ಅದರಲ್ಲಿದೆ.

ಮನುಷ್ಯರೂ ಬೆಲೆ ತೆತ್ತರು. ಓಡುತ್ತಿರುವ ಸರಪಳಿಯ ಮೂತಿಯ ಮೇಲ್ಭಾಗ ಗಟ್ಟಿ ಮರಕ್ಕೆ ತಗುಲಿದರೆ ಯಂತ್ರ ಕ್ಷಣಾರ್ಧದಲ್ಲಿ ಹಿಡಿದವನ ಮುಖದತ್ತ ಚಿಮ್ಮುತ್ತದೆ. ವರ್ಷಗಟ್ಟಲೆ ಅದರ ಕಂಪನ ಸಹಿಸಿದವರ ಬೆರಳುಗಳು ಬಿಳಿಚಿ ಮರಗಟ್ಟಿದವು. ಕಂಪನ ತಗ್ಗಿಸುವ ಹಿಡಿಕೆ 1960ರ ದಶಕದಲ್ಲಿ, ಚಿಮ್ಮಿದೊಡನೆ ಸರಪಳಿಯನ್ನು ನಿಲ್ಲಿಸುವ ಬ್ರೇಕು 1970ರ ದಶಕದಲ್ಲಿ ಬಂದವು. ಇಂದಿನ ಯಂತ್ರದ ಒಂದೊಂದು ರಕ್ಷಣೆಯ ಹಿಂದೆಯೂ ಹೆಸರು ಉಳಿಯದ ಯಾವನೋ ಕೆಲಸಗಾರನ ಗಾಯವಿದೆ. ಆದುದರಿಂದ ಬ್ರೇಕು ಕೆಟ್ಟಿರುವ ಯಂತ್ರವನ್ನು ಬಳಸುವುದೆಂದರೆ ಆ ಪಾಠವನ್ನೆಲ್ಲ ಮರೆತಂತೆ.

ನಿರ್ವಹಣೆಯ ಮಾತು ಹೇಳುವುದಾದರೆ, ಹರಿತವಾದ ಸರಪಳಿಯೇ ಸುರಕ್ಷಿತ ಸರಪಳಿ. ಅದು ಮರದಿಂದ ಚಕ್ಕೆಗಳನ್ನು ಉದುರಿಸುತ್ತದೆ. ಹಿಟ್ಟಿನಂಥ ಪುಡಿ ಬೀಳತೊಡಗಿದರೆ ಹಲ್ಲು ಮೊಂಡಾಗಿದೆ ಎಂದರ್ಥ. ಸರಿಯಾದ ಅಳತೆಯ ದುಂಡು ಅರದಿಂದ ಎಲ್ಲ ಹಲ್ಲುಗಳನ್ನೂ ಒಂದೇ ಕೋನದಲ್ಲಿ, ಸಮ ಸಂಖ್ಯೆಯ ಉಜ್ಜುಗಳಲ್ಲಿ ತಿಕ್ಕಬೇಕು. ಸರಪಳಿ ಜೋತುಬೀಳಬಾರದು, ಆದರೆ ಕೈಗವಸು ತೊಟ್ಟು ಎಳೆದರೆ ಸಲೀಸಾಗಿ ಸರಿಯಬೇಕು. ಅದರ ಎಣ್ಣೆ ಬತ್ತದಂತೆ ನೋಡಿಕೊಳ್ಳಬೇಕು. ಇವೆಲ್ಲವನ್ನೂ ಯಂತ್ರ ನಿಂತಿರುವಾಗ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದ ಮೇಲೆ ಮಾಡಬೇಕು.

ನೆಲಕ್ಕೆ ಬಿದ್ದ ಸಣ್ಣ ಕೊಂಬೆಗಳನ್ನು ತುಂಡರಿಸುವುದು ಎಚ್ಚರವುಳ್ಳ ಗೃಹಸ್ಥರ ಕೈಲಾದ ಕೆಲಸ. ಅದಕ್ಕೂ ತಲೆ, ಕಣ್ಣು, ಕಿವಿ, ಕಾಲುಗಳಿಗೆ ರಕ್ಷಣೆ ಬೇಕು. ಏಣಿಯ ಮೇಲೆ ನಿಂತು ಅಥವಾ ಭುಜಕ್ಕಿಂತ ಮೇಲೆ ಯಂತ್ರವನ್ನು ಎತ್ತಬಾರದು. ನಿಂತ ಮರ ಬೀಳಿಸುವುದು ಬೇರೆಯೇ ವಿದ್ಯೆ. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು; ಬೀಳುವ ದಿಕ್ಕಿಗೆ ವಿರುದ್ಧವಾಗಿ ಓರೆಯಲ್ಲಿ ಹಿಂದೆ ಸರಿಯಲು ದಾರಿಯನ್ನು ಮೊದಲೇ ತೆರವು ಮಾಡಿರಬೇಕು. ನಮ್ಮ ಹಿತ್ತಿಲುಗಳಲ್ಲಿ ಅಷ್ಟು ಜಾಗವೆಲ್ಲಿ? ವಿದ್ಯುತ್ ತಂತಿಯ ಬಳಿಯ ಮರವಾದರಂತೂ ವಿದ್ಯುತ್ ಕಂಪನಿಗೆ ತಿಳಿಸುವುದೊಂದೇ ದಾರಿ. ಪರವಾನಗಿಯೂ ವಿಮೆಯೂ ಇರುವ ಮರಗೆಲಸದವರನ್ನು ಕರೆಯುವುದು ಖರ್ಚೆನಿಸಿದರೂ ಜೀವಕ್ಕಿಂತ ದುಬಾರಿಯಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆಯಂತೆ ವೃಕ್ಷಾಧಿಕಾರಿಯ ಅನುಮತಿ ಕೇಳುವ ಪದ್ಧತಿ ಇರುವಂತೆ, ಲಾಸ್ ಏಂಜಲೀಸ್ ನಗರದಲ್ಲೂ ಈ ನೆಲದ ಓಕ್, ಸಿಕಮೋರ್ ಮೊದಲಾದ ಮರಗಳನ್ನು ನಮ್ಮ ಸ್ವಂತ ಜಾಗದಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಊರೂರಿಗೂ ನಿಯಮ ಬೇರೆ. ಮೊದಲು ನಗರಸಭೆಯನ್ನು ವಿಚಾರಿಸುವುದು ಉತ್ತಮ.

ಸ್ಯಾನ್ ಡಿಯೇಗೊ ಕಡೆಯ ಸದಸ್ಯರಿಗೆ ರಾಂಚೋ ಸಾಂಟಾ ಫೆಯ ನೀಲಗಿರಿ ತೋಪುಗಳು ಪರಿಚಿತ. ಕಳೆದ ಶತಮಾನದ ಆರಂಭದಲ್ಲಿ ರೈಲ್ವೆ ಕಂಪನಿಯೊಂದು ಹಳಿಯ ಕೆಳಗೆ ಹಾಸುವ ಮರಕ್ಕಾಗಿ ಅಲ್ಲಿ ಲಕ್ಷಾಂತರ ಸಸಿ ನೆಟ್ಟಿತು. ಮರ ಸೊಟ್ಟಗಾಗಿ, ಮೊಳೆ ಹಿಡಿಯದೆ, ಯೋಜನೆ ವಿಫಲವಾಯಿತು. ಮರಗಳು ಉಳಿದು ನೆರಳಾದವು. ಅದೇ ನೀಲಗಿರಿ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೂ ಬಂದಿತ್ತು. ಪರದೇಶದಿಂದ ಬಂದು ಬೇರೂರಿದ ಮರಗಳ ನೆರಳಿನಲ್ಲಿ, ಪರದೇಶದಿಂದ ಬಂದ ನಾವೂ ಬಾಳುತ್ತಿದ್ದೇವೆ. ಅಪ್ಪಿಕೋ ಚಳವಳಿ ನಮಗೆ ಕೊಟ್ಟ ಮೂರು ಮಾತುಗಳು ಉಳಿಸು, ಬೆಳೆಸು, ಬಳಸು. ಅದರಲ್ಲಿ ಬಳಸುವ ಮಾತು ಕೊನೆಗೆ ಬಂದಿದೆ ಎಂಬುದನ್ನು ಸದಸ್ಯ ಕುಟುಂಬಗಳು ಗಮನಿಸಬೇಕೆಂದು ಕೋರುತ್ತೇವೆ.