ಟೀಟನ್ ಅಣೆಕಟ್ಟು: ಬಂಡೆಯ ಬಿರುಕು, ಹಿಟ್ಟಿನಂಥ ಮಣ್ಣು

ಅಮೆರಿಕದಲ್ಲಿರುವ ನಿಮ್ಮಲ್ಲಿ ಎಷ್ಟೋ ಜನ ರಜೆಗೆ ಯೆಲ್ಲೋಸ್ಟೋನ್ ನೋಡಿ ಬಂದಿರ್ತೀರಿ. ಐಡಹೋ ಕಡೆಯಿಂದ ಹೋಗಿದ್ದರೆ ದಾರಿಯಲ್ಲಿ ರೆಕ್ಸ್‌ಬರ್ಗ್ ಅನ್ನೋ ಊರು ಸಿಕ್ಕಿರುತ್ತೆ. 1976ರ ಜೂನ್ 5ರ ಶನಿವಾರ ಮಧ್ಯಾಹ್ನ ಆ ಊರಿನ ಮೇಲೆ ಒಂದು ಜಲಾಶಯವೇ ನುಗ್ಗಿ ಬಂತು.

ಟೀಟನ್ ನದಿಗೆ ಕಟ್ಟಿದ್ದ ಆ ಅಣೆಕಟ್ಟಿನ ಎತ್ತರ 305 ಅಡಿ. ಕಟ್ಟಿಸಿದ್ದು ಸಾಮಾನ್ಯದವರಲ್ಲ, ಹೂವರ್ ಡ್ಯಾಮ್ ಕಟ್ಟಿಸಿದ ಬ್ಯೂರೋ ಆಫ್ ರೆಕ್ಲಮೇಷನ್. ಮಣ್ಣಿನ ಕಟ್ಟೆ ಅಂದ ಕೂಡಲೇ "ಓ, ಮಣ್ಣಲ್ವಾ, ಕರಗಿರುತ್ತೆ ಬಿಡಿ" ಅನ್ನಬೇಡಿ. ನಮ್ಮ ಊರುಗಳ ಕೆರೆ ಏರಿಗಳೂ ಮಣ್ಣಿನವೇ, ಎಷ್ಟೋ ಏರಿಗಳು ಶತಮಾನಗಳಿಂದ ನಿಂತಿವೆ. ಮಣ್ಣು ಯಾವುದು, ಅದರ ಪಕ್ಕದಲ್ಲಿ ಏನಿದೆ ಅನ್ನೋದು ಮುಖ್ಯ.

ಟೀಟನ್ ಕಣಿವೆಯ ಬಂಡೆ ಜ್ವಾಲಾಮುಖಿಯ ಬಿಸಿಬೂದಿ ಬೆಸೆದುಕೊಂಡು ಆದದ್ದು. ಮೈತುಂಬ ಬಿರುಕು. ಬಲದಂಡೆಯಲ್ಲಿ ಅಗೆಯುವಾಗ ಮನುಷ್ಯ ನುಸುಳುವಷ್ಟು ದೊಡ್ಡ ಸಂದುಗಳೇ ಸಿಕ್ಕವು. ಅಂದರೆ ವಿಷಯ ಗೊತ್ತಿತ್ತು. ಅದಕ್ಕೇ ಬಂಡೆಯಲ್ಲಿ ಆಳವಾದ ಕಂದಕ ತೋಡಿ, ಅದರ ಕೆಳಗೆ ಸಿಮೆಂಟ್ ಗಾರೆಯನ್ನು ಒತ್ತಡದಿಂದ ತುಂಬಿ ಒಂದು ಪರದೆ ಮಾಡಿದರು. ಆಮೇಲೆ ಕಂದಕಕ್ಕೆ ಏನು ತುಂಬಿದರು ಗೊತ್ತಾ? ಗಾಳಿ ಹೊತ್ತು ತಂದ, ಹಿಟ್ಟಿನಷ್ಟು ನಯವಾದ ಸ್ಥಳೀಯ ಮಣ್ಣು. ಬಿಗಿಯಾಗಿ ದಮ್ಮಸು ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತೆ, ಆದ್ರೆ ಹರಿಯೋ ನೀರು ತಾಕಿದರೆ ಸಲೀಸಾಗಿ ಕೊಚ್ಚಿ ಹೋಗುತ್ತೆ. ಅದನ್ನು ಬಂಡೆಗೆ ನೇರವಾಗಿ ಒತ್ತಿದರು. ಬಂಡೆಯ ಮೈಮೇಲಿನ ಬಿರುಕುಗಳನ್ನು ಪೂರ್ತಿ ಮುಚ್ಚಲಿಲ್ಲ. ಮಣ್ಣಿನ ಕಣ ಹಿಡಿದಿಟ್ಟು ನೀರನ್ನಷ್ಟೇ ಬಿಡುವ ಮರಳಿನ ಸೋಸುಪದರವನ್ನೂ ಅಲ್ಲಿ ಹಾಕಲಿಲ್ಲ. ಆಮೇಲೆ ತನಿಖಾ ಸಮಿತಿ ಬೆರಳಿಟ್ಟಿದ್ದು ಇಲ್ಲೇ.

1975ರ ಅಕ್ಟೋಬರ್‌ನಲ್ಲಿ ನೀರು ತುಂಬಲು ಶುರುವಾಯ್ತು. ದಿನಕ್ಕೆ 1 ಅಡಿಗಿಂತ ಹೆಚ್ಚು ಏರಬಾರದು ಅಂತ ಮೊದಲಿನ ಲೆಕ್ಕ. ವಸಂತದಲ್ಲಿ ಹಿಮ ಕರಗಿದಾಗ ಅದು ಎಲ್ಲೋ ಹೋಯ್ತು.

ಜೂನ್ 3ರಂದು ಕೆಳಗಡೆ ಸಣ್ಣ ಜಿನುಗು ಕಂಡಿತು. ನೀರು ತಿಳಿಯಾಗಿತ್ತು, ಯಾರೂ ಗಾಬರಿಯಾಗಲಿಲ್ಲ. 5ರ ಬೆಳಿಗ್ಗೆ ಬಂದದ್ದು ಕೆಸರು ನೀರು. ಕೆಸರು ಅಂದ್ರೆ ಒಳಗಿನ ಕಟ್ಟೆಯೇ ಹೊರಗೆ ಬರ್ತಿದೆ ಅಂತ ಅರ್ಥ. ತೂತಿಗೆ ಮಣ್ಣು ತಳ್ಳಲು ಹೋದ ಎರಡು ಬುಲ್ಡೋಜರ್‌ಗಳು ಅದರೊಳಗೇ ಜಾರಿದವು, ಚಾಲಕರು ಬಚಾವಾದರು. ಹನ್ನೆರಡಕ್ಕೆ ಕೆಲವೇ ನಿಮಿಷ ಮುಂಚೆ ಕಟ್ಟೆಯ ನೆತ್ತಿಯೇ ಕುಸಿಯಿತು. 11 ಜನ ಸತ್ತರು, ಸುಮಾರು 13,000 ಜಾನುವಾರು ಹೋದವು. ಬೆಳಿಗ್ಗೆಯೇ ಪೊಲೀಸರಿಗೆ ಸುದ್ದಿ ಮುಟ್ಟಿ ಸಾವಿರಾರು ಜನ ಮನೆ ಬಿಟ್ಟು ಓಡಿದ್ದರಿಂದ ಅಷ್ಟಕ್ಕೆ ನಿಂತಿತು. ನಡುರಾತ್ರಿ ಆಗಿದ್ದರೆ?

ಕಟ್ಟೆಯ ಒಳಗಿನ ಬದಲಾವಣೆ ತಿಳಿಯೋಕೆ ಸಾಕಷ್ಟು ಮಾಪಕಗಳನ್ನೇ ಇಟ್ಟಿರಲಿಲ್ಲ ಅಂತಲೂ ಸಮಿತಿ ಬರೀತು. ಡೇಟಾ ನನ್ನ ಹೊಟ್ಟೆಪಾಡು, ಹಾಗಾಗಿ "ಸೆನ್ಸರ್ ಇದ್ದಿದ್ರೆ!" ಅಂತ ನನ್ನ ಬಾಯಿಗೆ ಮೊದಲು ಬರುತ್ತೆ. ಆದ್ರೆ ನೀರು ಹೊರಬಿಡುವ ಮುಖ್ಯ ಸುರಂಗದ ಕೆಲಸವೇ ಅವತ್ತಿಗೆ ಮುಗಿದಿರಲಿಲ್ಲ. ಅಪಾಯ ವಾರಕ್ಕೆ ಮುಂಚೆ ಗೊತ್ತಾಗಿದ್ದರೂ ಜಲಾಶಯವನ್ನು ಬೇಗ ಇಳಿಸೋಕೆ ದಾರಿ ಇರಲಿಲ್ಲ.