ರೊಟ್ಟಿಯ ಜಪಮಾಲೆ

ಕಂಠಪಾಠವನ್ನು ಗಿಳಿಪಾಠವೆಂದು ಹಳಿಯುವವರು ರಷ್ಯದ ಸೋಲ್ಜೆನಿತ್ಸಿನ್ನನ ವೃತ್ತಾಂತವನ್ನು ಕೇಳಬೇಕು, ವಾಚಕರೇ. ಮಿತ್ರನಿಗೆ ಬರೆದ ಪತ್ರಗಳಲ್ಲಿ ಸ್ಟಾಲಿನ್ನನನ್ನು ಟೀಕಿಸಿದನೆಂದು 1945ರಲ್ಲಿ ಈ ಸೇನಾಧಿಕಾರಿಗೆ ಎಂಟು ವರ್ಷಗಳ ಶಿಕ್ಷೆಯಾಯಿತು. ಆಗ ಆತ ಮಾರ್ಕ್ಸ್‌ವಾದಿ. ಬಾಲ್ಯದ ಕ್ರೈಸ್ತಶ್ರದ್ಧೆಯನ್ನು ತೊರೆದಿದ್ದನು. ಕಜಾಕಸ್ತಾನದ ಎಕಿಬಾಸ್ತುಜ್ ಶಿಬಿರದಲ್ಲಿ ಬರೆದುದನ್ನು ಇಟ್ಟುಕೊಂಡರೆ ಅಪಾಯ. ಆದುದರಿಂದ ಪದ್ಯಗಳನ್ನು ಮನದಲ್ಲೇ ಕಟ್ಟಿ ಬಾಯಿಪಾಠ ಮಾಡಿದನು. ಲಿಥುವೇನಿಯದ ಕ್ಯಾಥೊಲಿಕ್ ಸೆರೆಯಾಳುಗಳು ರೊಟ್ಟಿಯನ್ನು ನಾದಿ ಜಪಮಾಲೆಯೊಂದನ್ನು ಮಾಡಿಕೊಟ್ಟರು. ಮಣಿ ಮಣಿಗೂ ಲೆಕ್ಕವಿಟ್ಟು ಸಾವಿರಾರು ಸಾಲುಗಳನ್ನು ಉಳಿಸಿಕೊಂಡನು.

1952ರಲ್ಲಿ ಅರ್ಬುದರೋಗದ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ದೇವರಲ್ಲಿ ನಂಬಿಕೆ ಮರಳಿತು. 1962ರಲ್ಲಿ ಶಿಬಿರಜೀವನದ ಕಥೆ ಅಚ್ಚಾಯಿತು. 1970ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮುಂದೆ ಆತ ಸೆರೆಮನೆಯನ್ನೇ ಹರಸಿ ಬರೆದನು. ಅಲ್ಲಿಯೇ ಮಣ್ಣಾದವರು ಹಾಗೆನ್ನಲಾರರೆಂಬುದನ್ನೂ ಮರೆಯಲಿಲ್ಲ.