ಪದ ಪರಿಚಯ: ಪೆಲಾಗ್ರ

ಪೆಲಾಗ್ರ (ನಾಮಪದ): ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆಯಿಂದ ಬರುವ ಕಾಯಿಲೆ. ಪದದ ಮೂಲ ಉತ್ತರ ಇಟಲಿಯ ಆಡುಮಾತು. 'ಪೆಲ್ಲೆ' ಎಂದರೆ ಚರ್ಮ, 'ಆಗ್ರ' ಎಂದರೆ ಒರಟು. ರೈತರ ಬಾಯಲ್ಲಿದ್ದ ಈ ಮಾತನ್ನು ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲ್ಲಿ 1771ರಲ್ಲಿ ವೈದ್ಯಗ್ರಂಥಕ್ಕೆ ತಂದ.

ಹೆಸರು ಹೇಳುವುದು ಚರ್ಮದ ಕಥೆ ಮಾತ್ರ. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆ ಕಪ್ಪಿಟ್ಟು ಸುಲಿಯುತ್ತವೆ, ಭೇದಿ ಹಿಡಿಯುತ್ತದೆ, ಮನಸ್ಸೂ ಕದಡುತ್ತದೆ. ನಿದ್ದೆಗೇಡು, ಖಿನ್ನತೆ, ಗೊಂದಲ, ಭ್ರಮೆ. ಇಲ್ಲದ ದನಿ ಕೇಳಿಸುವುದೂ ಉಂಟು. ಮೆಕ್ಕೆಜೋಳವನ್ನೇ ನಂಬಿ ಬದುಕಿದ್ದ ಇಟಲಿಯಲ್ಲೂ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಇಂಥ ಎಷ್ಟೋ ಬಡವರು ಹುಚ್ಚಾಸ್ಪತ್ರೆ ಸೇರಿದರು. ತಪ್ಪು ಊಟದಲ್ಲಿದೆ ಎಂದು ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ 1915ರ ಪ್ರಯೋಗದಲ್ಲಿ ತೋರಿಸಿದರು. ನಯಾಸಿನ್‌ನ ಪಾತ್ರ ಖಚಿತವಾದದ್ದು 1937ರಲ್ಲಿ, ಜೀವರಸಾಯನ ವಿಜ್ಞಾನಿ ಕಾನ್ರಾಡ್ ಎಲ್ವೆಹ್ಯಾಮ್ ಅವರಿಂದ.

ಜೋಳವೇ ಮುಖ್ಯ ಆಹಾರವಾದ ದಖ್ಖನ್ನಿನ ಬಡವರಲ್ಲೂ ಪೆಲಾಗ್ರ ಕಂಡಿತ್ತು. ಹೈದರಾಬಾದಿನ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಇದಕ್ಕೆ ಕಾರಣವೆಂದು ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದತ್ತ ಬೊಟ್ಟು ಮಾಡಿದರು.

ಬಳಕೆ: "ಬಹುಕಾಲ ಕುಡಿದು ಊಟ ಬಿಟ್ಟವರು ಗೊಂದಲಗೊಂಡರೆ ಪೆಲಾಗ್ರವನ್ನೂ ಶಂಕಿಸಬೇಕು."